ಒತ್ತಿದ ಮೇಲೂ

ಬಿ.ಎಂ. ರಸ್ತೆಯ ಬ್ಯಾಟರಿ ಅಂಗಡಿಯ ಪಕ್ಕ
ಕಬ್ಬಿಣದ ಮೆಟ್ಟಿಲು ಹತ್ತಿದರೆ
ನಜೀರ್ ಸಾಬರ ವಾದ್ಯದಂಗಡಿ.
ಹಾರ್ಮೋನಿಯಂ ತಿದಿಗೆ ಹಚ್ಚಿದ ಅಂಟಿನ ವಾಸನೆ,
ಹಳೇ ಪೇಪರು ಹಾಸಿದ ಮೇಜಿನ ಮೇಲೆ ಮೂರು ಸಿಂಥ್.
ನನ್ನ ಹಿಂದೆ ದೊಡ್ಡಮ್ಮ, ಮಂಡಿಯಿಂದ ನೇರ ಬಂದವಳು,
ಉಗುರಲ್ಲಿ ಇನ್ನೂ ಆಲೂಗಡ್ಡೆಯ ಮಣ್ಣು,
ರವಿಕೆಯಲ್ಲಿ ಚೀಟಿ ಎತ್ತಿದ ದುಡ್ಡು.

ನನಗೆ ಬೇಕಾದ್ದು ಹಾಡಿಗಲ್ಲ.
ನಾಟಕದವರು ಒಂದು ಸದ್ದು ಕೇಳಿದ್ದಾರೆ:
ಅಳು ಬರುವ ಸ್ವಲ್ಪ ಮೊದಲು
ಗಂಟಲಲ್ಲಿ ಏನೋ ಆಗುತ್ತದಲ್ಲ, ಅದು.
ಪಿಟೀಲು ಬೇಡ, ಕೊಳಲು ಬೇಡ,
ಮಳೆಯಂತೂ ಬೇಡವೇ ಬೇಡ ಎಂದಿದ್ದಾರೆ.

ಮೊದಲನೆಯದರಲ್ಲಿ ಏಳುನೂರು ಸದ್ದು, ಹೆಸರು ಸಮೇತ:
ನವಿಲು, ಹೆಲಿಕಾಪ್ಟರು, ಚಪ್ಪಾಳೆ.
ಸವರಿದರೂ ಗುದ್ದಿದರೂ ಅದೇ ಚಪ್ಪಾಳೆ.
ಎರಡನೆಯದು, ಎಷ್ಟು ಜೋರಾಗಿ ಹೊಡೆದೆ ಎಂದು ನೋಡಿಕೊಳ್ಳುತ್ತದೆ,
ಆಮೇಲೆ ಬೆರಳನ್ನು ಮರೆತುಬಿಡುತ್ತದೆ.

ದೊಡ್ಡಮ್ಮ ಮುಂದೆ ಬಂದು ಅದರ ಮೇಲೆ ಹೆಬ್ಬೆರಳಿಟ್ಟಳು,
ಬಿತ್ತನೆ ಗಡ್ಡೆಯ ಮೇಲೆ ಇಡುವ ಹಾಗೆ,
ಇಟ್ಟು, ಕಾದು, ಇನ್ನೊಂದಿಷ್ಟು ಅದುಮಿ.
ಮೂವತ್ತು ವರ್ಷ ಮೂಟೆ ಮೂಟೆಯನ್ನು ಹೀಗೇ ವಿಚಾರಿಸಿದವಳು.
ಸಿಪ್ಪೆ ಸರಿಯಿದ್ದು ಒಳಗೆ ಟೊಳ್ಳಾದದ್ದು
ಆ ಹೆಬ್ಬೆರಳಿಗೆ ಸುಳ್ಳು ಹೇಳಲಾರದು.
"ಕಿವುಡು ಕಣೆ ಇದು," ಎಂದಳು.

ಮೂರನೆಯದು.
ಒತ್ತಿದಾಗ ಎಲ್ಲದರ ಹಾಗೇ ಹುಟ್ಟಿತು ಸದ್ದು.
ಅದುಮಿದಳು. ತಿರುಗಿ ನೋಡಿತು.
ಇನ್ನೂ ಅದುಮಿದಳು. ಒರಟಾಯಿತು, ಕಂಪಿಸಿತು,
ಕೋಲ್ಡ್ ಸ್ಟೋರೇಜಿನ ಬಾಗಿಲು ಎಳೆದಾಗ
ಆರು ತಿಂಗಳ ಚಳಿ ಒಮ್ಮೆಗೇ ಕಾಲಿಗೆ ಬಂದು ತಾಗುವಂತೆ ಬಂತು.
ಪಕ್ಕದ ಬೆರಳಿನ ಸ್ವರ ಮಾತ್ರ ಅಲ್ಲಾಡಲಿಲ್ಲ.
ಒಂದೊಂದು ಬೆರಳಿಗೂ ಒಂದೊಂದು ಕಿವಿ.

"ಎಂಟು ದನಿ ಒಟ್ಟಿಗೆ ನಿಲ್ತವೆ," ಎಂದರು ನಜೀರ್ ಸಾಬರು,
"ಒಂಬತ್ತನೇದು ಒತ್ತಿದ್ರೆ ಮೊದಲನೇದು ಜಾಗ ಬಿಡ್ತದೆ.
ನೀವೇನೂ ಬೆರಳು ಎತ್ತಿರಲ್ಲ, ಆದ್ರೂ."

"ಬಿಡದೆ ಏನ್ ಮಾಡ್ತದೆ," ಅಂದಳು ದೊಡ್ಡಮ್ಮ.
ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ ಬಂದಿತ್ತು ಅವಳಿಗೆ,
ಅದೇ ವಾರ ತೊಟ್ಟಿಲಿಗೆ ಒಂಬತ್ತನೆಯ ಕೂಸು.
ಆ ಕೂಸು ನನ್ನ ಅಮ್ಮ.

ಮೇಲಿನ ಗಾಂಧಾರ ತಡವಾಗಿ ಏಳುತ್ತದೆಂದು ಹಿಡಿದವಳೂ ಅವಳೇ.
ಮೂಟೆಗಿಷ್ಟು ಕೊಳೆ ಎಂದು ವಜಾ ಮಾಡುವ ಲೆಕ್ಕದಲ್ಲಿ
ಎರಡೂವರೆ ಸಾವಿರ ಮುರಿದಳು.
ನಜೀರ್ ಸಾಬರು ಟೀ ತರಿಸಿದರು, ಸೋತವರೇ ತರಿಸಬೇಕಲ್ಲ.

ರಾತ್ರಿ, ಹೊಸಲೈನ್ ರಸ್ತೆಯ ಕೋಣೆ, ಹೆಡ್‌ಫೋನು.
ಮೆನುವಿನೊಳಗೆ ಮೆನು ಇಳಿದು ಹುಡುಕಿದೆ, ಸಿಕ್ಕಿತು:
ಮೊದಲು ಹುಟ್ಟಿದ್ದನ್ನು ಎಬ್ಬಿಸಬೇಡ.
ಹಾಗೇ ಇಟ್ಟು ಒಂದೊಂದಾಗಿ ಒತ್ತುತ್ತ ಹೋದೆ.
ಎಂಟೂ ನಿಂತವು.
ಒಂಬತ್ತನೆಯದಕ್ಕೆ ಪ್ಲಾಸ್ಟಿಕ್ಕಿನ ಟಕ್ ಎಂಬುದಷ್ಟೇ.
ಅಮ್ಮ ಇಲ್ಲ.
ಒತ್ತುತ್ತಿರುವ ನಾನೂ, ಲೆಕ್ಕದ ಪ್ರಕಾರ, ಇಲ್ಲ.

ಮೊದಲಿನಂತೇ ತಿರುಗಿಸಿದೆ.
ಮತ್ತೆ ಒಂಬತ್ತು, ಮತ್ತೆ ಒಂಬತ್ತು.
ಎಷ್ಟನೇ ಸಲವೋ ಕಿವಿಗೆ ಬಿತ್ತು:
ಮೊದಲನೆಯದು ಜಾಗ ಬಿಡುವಾಗ
ಕೂದಲೆಳೆಯಷ್ಟು ಒಂದು ಸಿಕ್ಕು.
ಮಾಡಿದವರು ತಪ್ಪೆಂದು ತಿದ್ದಲು ನೋಡಿ
ಪೂರ್ತಿ ತಿದ್ದಲಾಗದೆ ಬಿಟ್ಟದ್ದಿರಬೇಕು.
ಅದನ್ನೇ ಹಿಗ್ಗಿಸಿದೆ, ಅದುಮಿದೆ, ಬೆಳಗಿನವರೆಗೆ.

ಐದೂವರೆಗೆ ದೊಡ್ಡಮ್ಮನ ಕಿವಿಗಿಟ್ಟೆ.
ನಿಂತೇ ಕೇಳಿದಳು, ಕಣ್ಣು ಬಾಗಿಲ ಕಡೆ,
ಹೆಬ್ಬೆರಳು ಮಾತ್ರ ಸೀರೆಯ ನೆರಿಗೆಯನ್ನು ಅದುಮುತ್ತ.
"ಟೊಳ್ಳಿಲ್ಲ," ಎಂದು ತೆಗೆದುಕೊಟ್ಟು
ಚಪ್ಪಲಿ ಮೆಟ್ಟಿಕೊಂಡಳು.
ಜಲಂಧರದ ಗಡ್ಡೆ ಬಂದಿದೆ, ಇವತ್ತು ಹದಿನಾಲ್ಕು ಲಾರಿ.