ಇಪ್ಪತ್ತಾರನೇ ವಾರ

"ಮನಿ ಎಲ್ಲೈತ್ರಿ?" ಅಂತ ಕೇಳಿದೆ.
"ಮನಿ ಅಲ್ರಿ, ವಾರ" ಅಂದ್ರು ಚಂಪಾಬಾಯಿ ಹಂಜಿ,
ಖಡೇಬಜಾರದ ನನ್ನ ಮಾಳಿಗಿ ಆಫೀಸಿನಾಗ
ತೊಯ್ದ ಛತ್ರಿ ಮೂಲ್ಯಾಗ ಒರಗಿಸಿ.
ಗೋವಾದಾಗ, ವರ್ಷಕ್ಕ ಏಳು ದಿನ, ಇಪ್ಪತ್ತಾರನೇ ವಾರ.
ಜೂನ್ ಕಡೀಕ, ಸಮುದ್ರದ ದಂಡಿಗೆ ಕೆಂಪು ಬಾವುಟ ಹಚ್ಚೋ ಹೊತ್ತು.
ಉಳಿದ ಐವತ್ತೊಂದಕ್ಕ ಯಾರ್ಯಾರೋ ಮಾಲಕರು.

ಬಾಡಿಗಿ ಇಪ್ಪತ್ತೊಂದು ಸಾವಿರ, ಪಾಸ್‌ಬುಕ್ಕಿನಾಗ ಐತಿ.
ಮೆಂಟೆನನ್ಸ್ ಅಂತ ಅವರು ಹದಿನಾಲ್ಕು ತಿಂದಾರ.
ಮನೆ ಆಸ್ತಿ ಅನ್ನಾಕ ಒಂದು ಗ್ವಾಡಿಯಾದ್ರೂ ಬೇಕಲ್ಲ,
'ಇತರ ಮೂಲ'ದಾಗ ಬರಕೋತ ಕೇಳಿದೆ:
"ಬಾಡಿಗಿ ಕೊಟ್ಟವರ ಹೆಸರು?"

ಪರ್ಸಿನ ಚೈನು ಎಳದ್ರು, ಮುಚ್ಚಿದ್ರು.
"ನಾನ ರೀ.
ಕಸೂತಿ ರೊಕ್ಕಾ ನಾನ ತುಂಬೀನಿ.
ಖಾನಾಪುರಕ್ಕ ಅಕ್ಕನ ಮನಿಗೆ ಅಂತ ಹೇಳಿ
ಏಳೂ ದಿನ ಹೋಗಿ ಕುಂತು ಬಂದೆ.
ಮನ್ಯಾಗ, ಬಾಡಿಗಿ ಬಂತಂದ್ರನ ಸುಮ್ಮನಿರ್ತಾರ,
ಇಲ್ಲಾಂದ್ರ ಮಾರು ಅಂತಾರ."

"ಹಂಗಾದ್ರ ಇದು ಆದಾಯನ ಅಲ್ಲ ಬಿಡ್ರಿ,
ತಮ್ಮ ಬಲಗೈಲೆ ತಮ್ಮ ಎಡಗೈಗೆ ಕೊಟ್ಟಂಗ."
"ಏನರ ಆಗಲಿ, ಬರೀರಿ. ರಿಟರ್ನಿನ ಕಾಪಿ ನಮ್ಮವರು ನೋಡ್ತಾರ."

ಇಪ್ಪತ್ತು ವರ್ಷ ಈ ಕುರ್ಚಿಮ್ಯಾಲ ಕುಂತು
ಆದಾಯ ಮುಚ್ಚಿಡವರನ್ನಷ್ಟ ನೋಡಿದಾಂವ ನಾನು.
ಬರದೆನೋ ಬಿಟ್ಟೆನೋ, ಅದು ಇಲ್ಲಿ ಬ್ಯಾಡ.

ಛತ್ರಿ ಎತ್ತಿಕೊಂಡು ಮೆಟ್ಟಲಾ ಇಳದ್ರು.
ಮೂಲ್ಯಾಗ ನಿಂತ ನೀರಿನಾಗ
ಒಂದು ಚಿಟಿಕಿ ಉಸುಕು.