ಹದಿನೇಳನೆಯ ಚಾಕು

ಮಂಡಿ ಮೊಹಲ್ಲಾದ ಗಫಾರ್ ಸಾಬರು
ಹಳೆ ಬನಿಯನ್ನಿನ ಗಂಟು ಬಿಚ್ಚಿ
ಮೂರು ಚಾಕು ಹರಡಿದರು.

ಒಂದು ತೀರಾ ನಯ, ಬೆವರಿದರೆ ಜಾರುತ್ತೆ.
ಇನ್ನೊಂದರ ಸ್ಪ್ರಿಂಗು ಸೋತಿದೆ;
ಮಡಚಿದಾಗ ಟಕ್ಕೆನ್ನದ ಚಾಕುವಿಗೆ
ನಾನು ದುಡ್ಡು ಬಿಚ್ಚುವವನಲ್ಲ.

ಮೂರನೆಯದರ ಹಿಡಿ ಕಡವೆ ಕೊಂಬು,
ಕಾಕನಕೋಟೆಯದಿರಬೇಕು:
ಹುಣಿಸೆ ತೊಗಟೆಯಂಥ ಗೀರು,
ಹೆಬ್ಬೆರಳೂರುವಲ್ಲಿ ಮಾತ್ರ
ಯಾರೋ ಸವೆಸಿದ ಬಿಳಿ ತಗ್ಗು.
ಅಲಗು ಅರ್ಧ ತೇದುಹೋಗಿದೆ.
"ಅದು ಬೇಡ ಸ್ವಾಮಿ, ಮುಗಿದ ಮಾಲು."

ಬಲಗೈಯಲ್ಲಿ ಹಿಡಿದೆ, ಒಗ್ಗಲಿಲ್ಲ.
ಎಡಗೈಗೆ ದಾಟಿಸಿದೆ:
ಬೆರಳು ತಾನಾಗಿ ತಗ್ಗಿಗಿಳಿಯಿತು.
ಓ, ಎಡಚ!
ಚೌಕಾಸಿ ಮರೆತೇಹೋಯಿತು.

"ಹದಿನಾರಿದ್ದವು," ಅಂದಳು ಇಂದ್ರಾಣಿ
ಈಳಿಗೆಮಣೆಯಿಂದ ಏಳದೆ,
"ಒಂದಾದರೂ ಒಂದು ನಿಂಬೆಹಣ್ಣು ಹೆಚ್ಚಿದೆಯಾ?"

ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ
ಎಡಗೈಯಲ್ಲೇ ಒಂದು ಸೀಬೆ ಕೊಯ್ದೆ.
ಹೋಳುಗಳೆಲ್ಲ ಸೊಟ್ಟ.
ಅವಳು ಉಪ್ಪು ಖಾರ ತಂದಳು.