ಕರ

ನಡಾವಳಿ ಪುಸ್ತಕದ ಎಡ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಗೀಟು ಎಳೆಯುವುದು ನನ್ನ ಕೆಲಸ.
ವಿಷಯ ಏಳು: ಮೀನು ಮಾರುಕಟ್ಟೆಯ ಜಕಾತಿ,
ಬುಟ್ಟಿಯೊಂದಕ್ಕೆ ಹತ್ತು ಇದ್ದದ್ದು ಹದಿನೈದು.
ಹೆಚ್ಚಿಗೆ ಬಂದ ದುಡ್ಡಿನಲ್ಲಿ ಹೆಂಗಸರಿಗೆ
ನಾಲ್ಕು ಕೋಣೆಯ ಶೌಚಾಲಯ, ಒಂದು ನಲ್ಲಿ, ಒಂದು ದೀಪ.

ಸಭಾಂಗಣದ ಕಿಟಕಿಗೆ ಸಮುದ್ರ ಕಾಣುವುದಿಲ್ಲ,
ವಾಸನೆ ಮಾತ್ರ ಬರುತ್ತದೆ, ಕರೆಯದೆ.

ಮೊದಲು ಎದ್ದವರು ಕಾಜುಬಾಗದ ಪ್ರಭಾಕರ ಮಾಳಸೇಕರ.
ಬಡವರ ಹೊಟ್ಟೆಯ ಮೇಲೆ, ಅಂದರು,
ಆ ‘ಮೇಲೆ’ ಎಂಬಲ್ಲಿ ಮೇಜು ಗುದ್ದಿದರು,
ಚಹದ ಲೋಟ ಹಾರಿತು.
ಅವರ ಎರಡು ಅಂತಸ್ತಿನ ಕಟ್ಟಡದ್ದು
ಮೂರು ವರ್ಷದ ಮನೆಪಟ್ಟಿ ಬಾಕಿ.
ಅದು ಬೇರೆ ಪುಸ್ತಕ, ಬೇರೆ ಕಪಾಟು.

ಸುಂಕೇರಿಯ ಸದಸ್ಯರು ನಕ್ಕರು:
ನಮ್ಮ ಕೇರಿಯ ಹೆಸರಲ್ಲೇ ಸುಂಕ ಉಂಟಲ್ಲ ಮಾರಾಯರೇ,
ನಮಗೇನು ಹೊಸತೇ?
ಸುಂಕದವನ ಮುಂದೆ ಸುಖದುಃಖ ಎಂದು
ಯಾರೋ ಹಿಂದಿನಿಂದ ಗಾದೆ ಎಸೆದರು.
ಎಲ್ಲರೂ ನನ್ನ ಕಡೆ ನೋಡಿದರು.
ನಾನು ಗುಮಾಸ್ತ. ಸುಖವೂ ನನ್ನದಲ್ಲ, ಸುಂಕವೂ ಅಲ್ಲ.

ಆಗ ಶೇವಂತಿ ಹರಿಕಂತ್ರ ಎದ್ದಳು.
ಮೀಸಲು ಸೀಟು, ಕೊನೆಯ ಬೆಂಚು,
ಒಂದೂವರೆ ವರ್ಷದಲ್ಲಿ ಅವಳ ಒಂದು ಮಾತೂ ಪುಸ್ತಕ ಸೇರಿಲ್ಲ.
ಬೈತಖೋಲದ ದಕ್ಕೆಯಿಂದ ಬುಟ್ಟಿ ಹೊತ್ತ ಕುತ್ತಿಗೆ
ಈಗಲೂ ನೆಟ್ಟಗೇ ನಿಲ್ಲುತ್ತದೆ,
ಮೇಲೆ ಏನೋ ಇರುವ ಹಾಗೆ.

ಹದಿನಾಲ್ಕು ವರ್ಷ ಮೀನು ಮಾರಿದ್ದೇನೆ, ಅಂದಳು.
ಬೆಳಗಿನ ನಾಲ್ಕಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಎರಡರ ತನಕ
ಒಂದು ಗುಟುಕು ಉದಕ ಕುಡಿದವಳಲ್ಲ.
ಯಾಕೆ ಅಂತ ಬಿಡಿಸಿ ಹೇಳಬೇಕಾ?
ನಿಮಗೇನು ಸಾಹೇಬ್ರೇ,
ನಿಮಗೆ ಊರೆಲ್ಲ ಗೋಡೆ.

ಯಾರೂ ನಗಲಿಲ್ಲ. ಫ್ಯಾನಿನ ಸದ್ದು.
ನಾನು ಬರೆದೆ: ಸದಸ್ಯೆಯವರು
ಮೂಲಸೌಕರ್ಯದ ಕೊರತೆಯನ್ನು ಪ್ರಸ್ತಾಪಿಸಿದರು.

ಅಧ್ಯಕ್ಷರು ಹಿಂದೆ ಕನ್ನಡ ಮೇಷ್ಟರು.
ಕರ ಏರಿಸಲು ಒಪ್ಪುವವರು ಕರ ಎತ್ತಿ, ಅಂದರು.
ಒಂದೇ ಶಬ್ದ ಎರಡು ಸಲ ಬಂತೆಂದು
ಎರಡನೆಯದನ್ನು ‘ಕೈ’ ಎಂದು ತಿದ್ದಿಕೊಂಡೆ.

ಈ ಕಡೆ ಹದಿನಾಲ್ಕು ಗೀಟು. ಆ ಕಡೆ ಹದಿನಾಲ್ಕು.
ಅವಳ ಪಕ್ಷದವರು ಅವಳ ಮಡಿಲನ್ನೇ ನೋಡುತ್ತಿದ್ದರು,
ಕೈ ಅಲ್ಲೇ ಇರಲಿ ಎಂಬಂತೆ.
ಬಂತು ಕೈ.
ಹೆಬ್ಬೆರಳ ಬುಡದಲ್ಲಿ ಈಳಿಗೆಯ ಹಳೇ ಗಾಯ,
ನೆತ್ತಿಯ ತನಕ ಬಂದು, ಅಲ್ಲಿ ಬುಟ್ಟಿ ಇಲ್ಲದ್ದು ನೆನಪಾಗಿ
ಇನ್ನೂ ಮೇಲೆ ಹೋಯಿತು.
ಹದಿನೈದನೆಯ ಗೀಟು ಎಳೆಯುವಾಗ ಸೀಸ ಮುರಿಯಿತು,
ಉಗುರಿನಿಂದ ಎಳೆದೆ. ಠರಾವು ಪಾಸು.

ಮರುದಿನ ಮಾರುಕಟ್ಟೆಯಲ್ಲಿ ಅವಳ ಅತ್ತಿಗೆ ಮಥುರಾ
ಅವಳಿಗೆ ಬೆನ್ನು ಹಾಕಿ ಕೂತಿದ್ದಳು.
ಐದು ರೂಪಾಯಿ ಅಂದರೆ ಐಸು,
ಐಸು ಅಂದರೆ ಸಂಜೆಗೂ ಮೀನು ಮೀನೇ.
ಲೆಕ್ಕದಲ್ಲಿ ತಪ್ಪೇನಿಲ್ಲ.
ನನ್ನ ಬಂಗಡೆಗೆ ಹತ್ತು ರೂಪಾಯಿ ಹೆಚ್ಚು ಕೇಳಿದಳು.
ಜಕಾತಿ ಏರಿದ್ದು ಐದಲ್ಲವೇ, ಅಂದೆ.
ಐದು ನಿಮ್ಮ ನಗರಸಭೆಗೆ, ಐದು ನನ್ನ ಸಿಟ್ಟಿಗೆ.
ಕೊಟ್ಟೆ.

ಈಗ ಏಳು ತಿಂಗಳಾಯಿತು.
ಪಾಯ ತೋಡಿದ್ದಾರೆ. ಪಾಯದಲ್ಲಿ ಮಳೆನೀರು,
ನೀರಿನಲ್ಲಿ ಒಂದೇ ಒಂದು ಚಪ್ಪಲಿ.
ಕಡತ ಮೇಲಿನ ಕಚೇರಿಯಲ್ಲಿ ಸಹಿಗೆ ಕೂತಿದೆ.
ಗುಲಾಬಿ ರಸೀದಿ ಮಾತ್ರ ದಿನಾ ಹರಿಯುತ್ತದೆ.

ಶೇವಂತಿ ಬರುತ್ತಾಳೆ, ಹೆಚ್ಚಾಗಿ ಹನ್ನೊಂದರ ಸುಮಾರಿಗೆ.
ಪಾಯದ ಅಂಚಿಗೆ ನಿಂತು ಒಳಗೆ ನೋಡುತ್ತಾಳೆ.
ಆಮೇಲೆ ಒಂದು ಬಾಟಲಿ ನೀರನ್ನು, ಮಾತಿಲ್ಲದೆ,
ಅತ್ತಿಗೆಯ ಮಣೆಯ ಪಕ್ಕ ಇಡುತ್ತಾಳೆ.
ಮಥುರಾ ಅದರ ಮುಚ್ಚಳ ತೆಗೆದು
ಬಂಗಡೆಯ ಮೇಲೆ ಚಿಮುಕಿಸುತ್ತಾಳೆ,
ಸ್ವಲ್ಪ ಸ್ವಲ್ಪವೇ, ಖಾಲಿ ಆಗುವವರೆಗೆ.